ತುಂಬಿದ ತೋಟೆ

‘ಆಮೆನ್’ ಎಂದು ಎಲ್ಲರೂ ಕಣ್ಣು ತೆರೆದಾಗ ಲೈಲ್‌ನ ತೋರುಬೆರಳು ಬಂದೂಕಿನ ಎರಡು ತೋಟೆಗಳ ನಡುವೆ ಗಾಳಿಯಲ್ಲಿ ನಿಂತಿತ್ತು. ಮೇಜಿನ ಒಂದರ್ಧದಲ್ಲಿ ಆರ್ಡಿಸ್ ಅತ್ತೆ ಆಗಷ್ಟೇ ತಂದಿಟ್ಟ ಆಲೂಗಡ್ಡೆ ಮಾಂಸದ ಪಾತ್ರೆ. ಇನ್ನೊಂದರ್ಧದಲ್ಲಿ, ಗುಳಿ ಕೊರೆದ ಹಲಗೆಯ ಮೇಲೆ, ನಲವತ್ತು ಹಿತ್ತಾಳೆ ತೋಟೆಗಳು. ಹಿಂದೆ ಹಾರಿಸಿ ಖಾಲಿಯಾದ ತೋಟೆಗಳೇ ಅವು. ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿಯಾಗಿತ್ತು. ಮದ್ದು ಸುರಿಯುವುದು ಅರ್ಧಕ್ಕೆ ಬಂದಿದ್ದಾಗ ಊಟ ಬಂತು, ಊಟದ ಹಿಂದೆಯೇ ಪ್ರಾರ್ಥನೆ ಬಂತು. ಈಗ, ಮುಂದೆ ಸುರಿಯಬೇಕಾದದ್ದು ಯಾವುದಕ್ಕೆ ಎಂದು ನೆನಪಾಗದೆ, ಬೆರಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡಿ, ಬಲಗಡೆಯದೇ ಇರಲಿ ಎಂದು ತೀರ್ಮಾನಿಸಿತು.

ಮನೆಮಂದಿಯೆಲ್ಲ ಕೂಡಿ ಮಾಡುವ ಹವ್ಯಾಸ ಎಂದು ಲೈಲ್ ಇದನ್ನು ಹೋದ ಬುಧವಾರ ಸಾರಿದ್ದ. ಮನೆಮಂದಿ ಎಂದರೆ ಅವನು, ಹೆಂಡತಿ ನೋರೀನ್, ಅವಳ ತಾಯಿ ಆರ್ಡಿಸ್. ಕೆಲಸವನ್ನು ನ್ಯಾಯವಾಗಿಯೇ ಹಂಚಿದ್ದ: ಮಾಡುವುದು ಅವನು, ಹೇಳುವುದು ಅವನು, ಕೇಳುವುದು ಅವರಿಬ್ಬರು. ಎಚ್ಚರ ತಪ್ಪಬಾರದು ಎಂಬುದರ ಮೇಲೆ ಈ ಭಾನುವಾರ ಬೆಳಿಗ್ಗೆಯಿಂದ ಅವನು ಬಾಯಿ ಮುಚ್ಚದೆ ಮಾತಾಡಿದ್ದ. ಚರ್ಚಿನ ಉಪದೇಶವಾದರೂ ಮುಕ್ಕಾಲು ಗಂಟೆಗೆ ಮುಗಿದಿತ್ತು.

ಊಟ ಮುಗಿಯಿತು, ಮದ್ದು ಸುರಿಯುವುದೂ ಮುಗಿಯಿತು. ಗುಂಡು ಕೂರಿಸುವ ಯಂತ್ರದ ಹಿಡಿಗೆ ಅವನು ಕೈ ಹಾಕುವಾಗ ಆರ್ಡಿಸ್ ಏಪ್ರನ್ ಜೇಬಿನಿಂದ ಟಾರ್ಚ್ ತೆಗೆದು ಮೇಜಿನ ಮೇಲಿಟ್ಟಳು.

“ಇದು ಯಾಕತ್ತೆ, ಹಾಡಹಗಲಲ್ಲಿ?”

“ತೋಟೆ ಕತ್ತು ಕಿರಿದು, ಅಳಿಯಂದಿರೇ. ಬೆಳಕು ಹಾಯಿಸಿ ಇಣುಕದಿದ್ರೆ ಒಳಗೇನಿದೆ ಕಾಣಲ್ಲ. ನಿಮ್ಮ ಮಾವ ಐವತ್ತು ವರ್ಷ ಇಣುಕಿದ್ರು. ಮದ್ದು ಸುರಿಯೋವಾಗ ಮಾತೂ ಆಡ್ತಿರಲಿಲ್ಲ.”

“ಅವರ ಹತ್ರ ಇಂಥ ತಕ್ಕಡಿ ಇರಲಿಲ್ಲ. ಇದು ಸಾಸಿವೆ ಕಾಳಿನ ಹತ್ತನೇ ಪಾಲನ್ನೂ ತೂಗುತ್ತೆ.”

“ಹೌದಾ. ತೂಗಿದ್ದನ್ನ ಯಾವುದರೊಳಗೆ ಸುರಿದ್ರಿ ಅಂತಾನೂ ಹೇಳುತ್ತಾ?”

“ಪ್ರಾರ್ಥನೆ ಮಾಡಿ ತುಂಬಿದ್ದು, ಅತ್ತೆ. ದೇವರು ನೋಡ್ಕೋತಾನೆ.”

“ದೇವರು ಪ್ರಾರ್ಥನೆ ಕೇಳ್ತಾನೆ, ಅಳಿಯಂದಿರೇ. ಎಣಿಸೋ ಕೆಲಸ ನಮಗೇ ಬಿಟ್ಟಿದಾನೆ.”

ಲೈಲ್ ಟಾರ್ಚನ್ನು ಮೃದುವಾಗಿ ಪಕ್ಕಕ್ಕೆ ಸರಿಸಿದ. ನಲವತ್ತಕ್ಕೂ ಗುಂಡು ಕೂರಿಸಿ, ಪೆಟ್ಟಿಗೆಗೆ ತುಂಬಿ, ಮುಚ್ಚಳದ ಮೇಲೆ ದುಂಡಗಿನ ಅಕ್ಷರದಲ್ಲಿ ‘ನೋರೀನ್‌ಳ ಎಲ್ಕ್’ ಎಂದು ಬರೆದು, ಪ್ರಸಾದ ಕೊಡುವವನ ಹಾಗೆ ಎರಡೂ ಕೈಯಿಂದ ಹೆಂಡತಿಗೆ ಕೊಟ್ಟ. ಹನ್ನೊಂದು ವರ್ಷ ಚೀಟಿ ಹಾಕಿ ಹಾಕಿ, ಈ ಸಲ ಅವಳ ಹೆಸರು ಎದ್ದಿತ್ತು. ಮೇಲಿನ ಕಾಡಿನಲ್ಲಿ ಒಂದು ಗಂಡು ಎಲ್ಕ್, ಅಂದರೆ ದೊಡ್ಡ ಕಾಡುಜಿಂಕೆ, ಹೊಡೆಯಲು ಮೊಂಟಾನಾ ಸರ್ಕಾರ ಕೊಟ್ಟ ಪರವಾನಗಿ. ಬೇಟೆ ಶನಿವಾರ.

ನೋರೀನ್ ಪೆಟ್ಟಿಗೆ ತೆರೆದಳು. ಒಂದು ತೋಟೆ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಮದ್ದು ಸರ್ ಸರ್ ಎಂದಿತು. ಅದನ್ನು ಬದಿಗಿಟ್ಟು ಇನ್ನೊಂದು ತೆಗೆದಳು.

“ಏನು ಮಾಡ್ತಿದೀಯ?”

“ಅಪ್ಪ ಮಾಡ್ತಿದ್ದದ್ದು.”

“ನನ್ನ ಮೇಲೆ ನಂಬಿಕೆ ಇಲ್ವಾ?”

“ನಿನ್ನ ಮೇಲಿದೆ ಲೈಲ್. ನಿನ್ನ ಬೆರಳು ಓಲಾಡಿದ್ದು ನೋಡ್ದೆ. ಒಂದರಲ್ಲಿ ಮದ್ದೇ ಇಲ್ಲದೆ, ಬರೀ ಕೇಪಿನ ಸಿಡಿತಕ್ಕೆ ಗುಂಡು ಅರ್ಧ ದಾರಿ ಹೋಗಿ ಬಂದೂಕಿನ ನಳಿಗೆಯಲ್ಲೇ ಕೂತರೆ, ಗೊತ್ತಾಗದೆ ಹಿಂದಿನಿಂದ ನಾನು ಇನ್ನೊಂದು ಹಾರಿಸಿದ್ರೆ, ಎಲ್ಕ್ ಉಳಿಯುತ್ತೆ. ನನ್ನ ಮುಖ ಉಳಿಯಲ್ಲ.”

ಲೈಲ್ ಕೈ ಕಟ್ಟಿ ಕೂತ. ಸರ್ ಸರ್. ಸರ್ ಸರ್. ಮಗುವಿಗೆ ಗಿಲಕಿ ಆರಿಸುವ ತಾಯಿಯ ಸಹನೆಯಿಂದ ನೋರೀನ್ ಒಂದೊಂದನ್ನೇ ಆಲಿಸಿದಳು. ಮೂವತ್ತೊಂದನೆಯದನ್ನು ಎರಡು ಸಲ ಅಲ್ಲಾಡಿಸಿದಳು. ಕಿವಿ ಬದಲಿಸಿ ಮತ್ತೊಮ್ಮೆ ಅಲ್ಲಾಡಿಸಿದಳು.

“ಇದು ಮಾತಾಡ್ತಿಲ್ಲ.”

“ಅದರಲ್ಲೇನಿದೆ,” ಎಂದ ಲೈಲ್. “ಒಂದು ಚೂರು ಜಾಸ್ತಿ ಬಿದ್ದಿರುತ್ತೆ. ತುಂಬಿದ ಕೊಡ ತುಳುಕುತ್ತಾ?”

“ಅದು ನಿಜ,” ಎಂದಳು ಆರ್ಡಿಸ್. “ಈ ಮನೇಲಿ ಬೆಳಿಗ್ಗೆಯಿಂದ ಒಂದೇ ಸಮನೆ ತುಳುಕ್ತಾ ಇರೋದು ಯಾವ ಕೊಡ ಅಂತ ಯೋಚಿಸ್ತಿದ್ದೆ.”

ಗುಂಡು ಬಿಡಿಸುವ ಸುತ್ತಿಗೆ ಗೋಡೆಯ ಮೊಳೆಯಲ್ಲಿ ಮಾವನ ಕಾಲದಿಂದ ತೂಗುತ್ತಿತ್ತು. ನೋರೀನ್ ಆ ತೋಟೆಯನ್ನು ಅದರ ಬಾಯಿಗೆ ಸಿಕ್ಕಿಸಿ, ಹೊಸ್ತಿಲ ಹೊರಗೆ ಮರದ ಕೊರಡಿಗೆ ಮೂರು ಪೆಟ್ಟು ಹಾಕಿದಳು. ಗುಂಡು ಕಳಚಿ ಬಿತ್ತು. ಅದರ ಹಿಂದೆ ಬೀಳಬೇಕಾದ ಮದ್ದಿಗೆ ಆರ್ಡಿಸ್ ಬಿಳಿ ತಟ್ಟೆ ಹಿಡಿದು ಕಾದಳು. ತಟ್ಟೆ ಬಿಳಿಯಾಗಿಯೇ ಉಳಿಯಿತು.

ಆರ್ಡಿಸ್ ತಟ್ಟೆಯನ್ನು ಏಪ್ರನ್ನಿಗೆ ಒರೆಸಿದಳು, ಒರೆಸುವಂಥದ್ದೇನೂ ಅದರಲ್ಲಿ ಇರಲಿಲ್ಲವಾದರೂ. ಆಮೇಲೆ ಒಳಗೆ ಹೋಗಿ, ಹಿಟ್ಟಿನ ಡಬ್ಬದ ಹಿಂದಿನಿಂದ ಒಂದು ಪುಟ್ಟ ರಟ್ಟಿನ ಪೆಟ್ಟಿಗೆ ತಂದು ಮಗಳ ಕೈಗಿಟ್ಟಳು. ಅಂಗಡಿಯ ತೋಟೆ, ಇಪ್ಪತ್ತು.

“ಯಾವಾಗ ತಂದ್ಯಮ್ಮ?”

“ಬುಧವಾರ. ಹವ್ಯಾಸ ಶುರುವಾದ ದಿನಾನೇ.”

“ಉಳಿದ ಮೂವತ್ತೊಂಬತ್ತು?” ಎಂದ ಲೈಲ್, ಸಣ್ಣ ದನಿಯಲ್ಲಿ.

“ಎಲ್ಲಾನೂ ಬಿಡಿಸೋಣ,” ಎಂದಳು ನೋರೀನ್. “ಕಟ್ಟಿದ್ದು ನೀನೊಬ್ಬನೇ. ಬಿಡಿಸೋದನ್ನಾದರೂ ಮನೆಮಂದಿಯೆಲ್ಲ ಕೂಡಿ ಮಾಡೋಣ.”

ಖಾಲಿ ತೋಟೆ ಇನ್ನೂ ನೋರೀನ್‌ಳ ಬೆರಳುಗಳ ನಡುವೆಯೇ ಇತ್ತು. ಅವಳು ಅದರ ಬಾಯಿಯನ್ನು ಕೆಳತುಟಿಗೆ ಆನಿಸಿ ಮೆಲ್ಲಗೆ ಊದಿದಳು. ದೂರದ ಬೆಟ್ಟದಲ್ಲಿ ಗಂಡು ಎಲ್ಕ್ ಕರೆದ ಹಾಗೆ ತೆಳ್ಳನೆಯ, ಉದ್ದನೆಯ ಶಿಳ್ಳೆ ಹೊರಟಿತು. ಲೈಲ್ ಕಣ್ಣು ಮುಚ್ಚಿಕೊಂಡ. ಈ ಸಲ ಯಾರೂ ಪ್ರಾರ್ಥನೆ ಶುರುಮಾಡಿರಲಿಲ್ಲ.