ಹುಲಿಗೆಮ್ಮನ ಹರಿಗೋಲು

ಮನುಷ್ಯರ ಅಹಂಕಾರಕ್ಕೆ ತೂಕ ಬಂದು ಮೂರು ತಲೆಮಾರಾಗಿತ್ತು. ಮೈತೂಕ ಎಷ್ಟೇ ಇರಲಿ, ಹರಿಗೋಲು ಮುಳುಗುತ್ತಿದ್ದುದು 'ನಾನು' ಎಂಬುದರ ಭಾರಕ್ಕೆ. ಅಂಬಿಗರ ಹುಲಿಗೆಮ್ಮನಿಗೆ ತಕ್ಕಡಿಯೇ ಬೇಕಿರಲಿಲ್ಲ. ಕಾಲಿಟ್ಟಾಗ ಹರಿಗೋಲು ಎಷ್ಟು ಇಳಿಯಿತೆಂದು ನೋಡಿದರೆ ಸಾಕು, ಆಳು ಎಂಥವನೆಂದು ಹೇಳುತ್ತಿದ್ದಳು.

ಅಂದು ಬೆಳಿಗ್ಗೆ, ಸರ್ವಸ್ವವನ್ನೂ ತ್ಯಜಿಸಿದವರೆಂದು ಹೆಸರಾದ ಸ್ವಾಮಿಗಳು ಆಚೆ ದಡದ ಮಠಕ್ಕೆ ಹೊರಟರು. ಕಡ್ಡಿಯಂಥ ಮೈ. ಅವರು ಕೂತದ್ದೇ ತಡ, ಅಂಚಿನವರೆಗೂ ನೀರು ಬಂತು.

"ಅಜ್ಜಾರ, ಹಿಂಗ ಸುಮ್ನ ಕುಂತ್ರ ದಾಟಂಗಿಲ್ಲ. ಹುಟ್ಟು ಹಿಡೀರಿ," ಎಂದಳು ಹುಲಿಗೆಮ್ಮ.

ಮೊದಮೊದಲು ಹರಿಗೋಲು ಬುಗುರಿಯಂತೆ ಗಿರಗಿರ ತಿರುಗಿತು. ಸ್ವಾಮಿಗಳ ಅಂಗೈ ಬೊಬ್ಬೆಯೆದ್ದಿತು. ನಡುಹೊಳೆಗೆ ಬರುವಷ್ಟರಲ್ಲಿ ಅವರಿಗೆ ಮಠ ಮರೆತಿತ್ತು, ತಾವು ಯಾರೆಂಬುದೂ ಮರೆತಿತ್ತು. ಹರಿಗೋಲು ತರಗೆಲೆಯಂತೆ ತೇಲಿತು.

"ನೋಡಿದೇನವ್ವಾ, ನಾನು ಹಗುರಾದೆ!" ಎಂದರು ಸ್ವಾಮಿಗಳು. ಗುಳುಕ್ಕನೆ ನೀರು ಒಳನುಗ್ಗಿತು.

ಹುಲಿಗೆಮ್ಮ ನಕ್ಕಳು. "ಹೆದರಬ್ಯಾಡ್ರಿ. ಮೂವತ್ತು ವರ್ಷದಾಗ ನಾನು ಒಬ್ರನ್ನೂ ಮುಳುಗಿಸಿಲ್ಲ!"

ಅಂದದ್ದೇ, ಅವಳ ಬದಿಯೂ ಗೇಣುದ್ದ ಕುಸಿಯಿತು.

ಇಬ್ಬರೂ ಮುಖಮುಖ ನೋಡಿಕೊಂಡರು. ಆಮೇಲೆ ಅವಳು ಚರಿಗೆಯಿಂದ, ಅವರು ತಮ್ಮ ಕಮಂಡಲದಿಂದ ನೀರು ಮೊಗೆಮೊಗೆದು ಚೆಲ್ಲಿದರು. ಹುಟ್ಟು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗಿ ಬಂತು.

ದಡ ಮುಟ್ಟಿದಾಗ ಹರಿಗೋಲು ನೀರು ಬಿಟ್ಟು ಮರಳಿನ ಮೇಲೆ ಮಾರುದ್ದ ಏರಿ ನಿಂತಿತು. ಅಲ್ಲಿ ಬಟ್ಟೆ ಒಗೆಯುತ್ತಿದ್ದವಳು ಬೆರಗಾಗಿ ಕೇಳಿದಳು: "ಯವ್ವಾ! ಯಾರು ಹುಟ್ಟು ಹಾಕಿದ್ರು?"

ಸ್ವಾಮಿಗಳು ಹುಲಿಗೆಮ್ಮನತ್ತ ಕೈ ತೋರಿದರು. ಹುಲಿಗೆಮ್ಮ ಸ್ವಾಮಿಗಳತ್ತ.