ಚಂದ್ರಮತಿಯ ಚಪ್ಪಾಳೆ

ಚಪ್ಪಾಳೆ ತಟ್ಟಿ ಚಂದ್ರಮತಿ ಪೇಚಿಗೆ ಸಿಕ್ಕಳು. ವೇದಿಕೆಯ ಮೇಲೆ ಅಷ್ಟೂ ಪಿಟೀಲುಗಳು ಒಮ್ಮೆಲೇ ನಿಂತಿದ್ದವು, ಮುಗಿಯಿತೆಂದುಕೊಂಡಳು. ಮುಗಿದಿರಲಿಲ್ಲ. ಪುಣೆಯ ಆ ದೊಡ್ಡ ಸಭಾಂಗಣವೆಲ್ಲ ತಿರುಗಿ ನೋಡಿತು. ಪಕ್ಕದಲ್ಲಿದ್ದ ಗಂಡ ಭೂಪಾಲ ಅವಳ ಕೈ ನೋಡಿ, ಗಡಬಡಿಸಿ ತಾನೂ ತಟ್ಟಿದ. ಪಾಪ, ಹೆಂಡತಿಯ ಮಾನ ಉಳಿಸಲಿಕ್ಕೆ!

ಈ ಮನುಷ್ಯನ ಸಂಗೀತ ಕಸಿದವಳು ಅವಳೇ. ತಮ್ಮೂರು ಸದಲಗಾದಲ್ಲಿ ಭೂಪಾಲನಷ್ಟು ಹುಚ್ಚು ಯಾರಿಗೂ ಇರಲಿಲ್ಲ. ಮಿರಜದ ಮೈಫಿಲು ಬಿಟ್ಟವನಲ್ಲ. ರೇಡಿಯೋ ತಿರುವಿ ತಿರುವಿ ಪರದೇಶದ ಸಿಂಫನಿಯನ್ನೂ ಹಿಡಿಯುತ್ತಿದ್ದ. ಆಗ ಮನೆಯಲ್ಲಿ ಯಾರೂ ಕೆಮ್ಮುವಂತಿರಲಿಲ್ಲ. ೧೯೮೬ರಲ್ಲಿ ಅವಳಿಗೆ ಕಾಮಾಲೆಯಾಗಿ ಇಂದೋ ನಾಳೆಯೋ ಎಂದಿದ್ದಾಗ ಶೇಡಬಾಳಕ್ಕೆ ಹೋದ. ಚಾತುರ್ಮಾಸಕ್ಕೆ ಕೂತಿದ್ದ ಜೈನ ಮುನಿಗಳ ಮುಂದೆ ನೇಮ ಹಿಡಿದ: ಇವಳು ಉಳಿದರೆ ಸಂಗೀತ ಬಿಟ್ಟೆ. ಅವಳು ಉಳಿದಳು. ರೇಡಿಯೋ ಅಳಿಯನ ಮನೆಗೆ ಹೋಯಿತು.

ಓಣಿಯ ಹೆಂಗಸರಿಗೆ ಹೊಟ್ಟೆಕಿಚ್ಚು. "ನೀ ಮಾತಾಡಿದ್ರ ನಿನ್ನ ಗಂಡ ಮಾರಿ ಬಿಟ್ಟು ಕಣ್ಣ ಕೀಳೂದಿಲ್ಲ ನೋಡವಾ" ಎನ್ನುತ್ತಿದ್ದಳು ನೆರೆಮನೆಯ ಸಾವಕ್ಕ. ದೀಪ ಆರಿದ ಮೇಲಿನ ಅವನ ಮೌನ ಚಂದ್ರಮತಿಗೊಬ್ಬಳಿಗೇ ಗೊತ್ತು. ಕತ್ತಲಲ್ಲಿ ಎಷ್ಟು ಕರೆದರೂ ಓಗೊಡುತ್ತಿರಲಿಲ್ಲ. ಬಿಟ್ಟ ಸಂಗೀತಕ್ಕಾಗಿ ಒಳಗೇ ಕೊರಗುತ್ತಿದ್ದಾನೆಂದು ಅವಳು ಸೆರಗು ಕಚ್ಚಿ ಅಳುತ್ತಿದ್ದಳು.

ಕೊನೆಗೆ ತಾನೇ ಮುನಿಗಳ ಕಾಲಿಗೆ ಬಿದ್ದು, ನೇಮ ಪೂರ್ತಿಯಾಯಿತೆಂದು ಅನ್ನಿಸಿಕೊಂಡು ಬಂದಳು. ಪುಣೆಯಲ್ಲಿದ್ದ ತಮ್ಮ ಅಣ್ಣಾಸಾಬನಿಂದ ಈ ಜರ್ಮನಿಯವರ ಕಚೇರಿಗೆ ಟಿಕೀಟು ತೆಗೆಸಿದಳು. ಸುದ್ದಿ ತಿಳಿದು ಭೂಪಾಲ ಬೆವೆತ.

"ಬ್ಯಾಡ ಚಂದ್ರಾ. ಹಿಡದ ನೇಮ ಹಂಗ ಇರ್ಲಿ."

ಅವಳು ಜಪ್ಪಯ್ಯ ಅಂದರೂ ಬಿಡಲಿಲ್ಲ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ಅವನನ್ನು ಕರೆತಂದು ಕೂರಿಸಿದ್ದಳು.

ವಾದ್ಯಗಳು ಮತ್ತೆ ಎದ್ದವು. ಏನೂ ತಿಳಿಯದ ಅವಳಿಗೇ ಮೈ ಜುಮ್ಮೆಂದಿತು. ಅವನು ಮಾತ್ರ ಕಳ್ಳತನದಲ್ಲಿ ಸಿಕ್ಕವನ ಹಾಗೆ ತಲೆ ತಗ್ಗಿಸಿ ಕೂತಿದ್ದ. ನೇಮ ಮುರಿದ ಪಾಪವನ್ನೂ ತಾನೇ ಅವನ ತಲೆಗೆ ಕಟ್ಟಿದೆನಲ್ಲ ಎಂದು ಅವಳು ಒಳಗೊಳಗೇ ಬೆಂದಳು.

ಹೊರಗೆ ಬಂದು, ಬೀದಿದೀಪದ ಕೆಳಗೆ ಅವನ ಕೈ ಹಿಡಿದಳು. "ಎಲ್ಲಾ ನಂದ ತಪ್ಪರಿ. ನನ್ನ ಜೀವಕ್ಕಂತ ನಿಮ್ಮ ಸಂಗೀತ ಹೋತು. ಇನ್ನರೆ ಮನಸ ತುಂಬಿ ಕೇಳ್ರಿ."

ಭೂಪಾಲನ ಕಣ್ಣು ತುಂಬಿದವು. "ನಿನ್ನ ಮುಂದ ದೇವರಾಗಿ ಕುಂತು ಸಾಕಾಗೇತಿ, ಚಂದ್ರಾ" ಎಂದ.

"ಮುನಿಗಳ ಮುಂದ ನಾ ನೇಮ ಹಿಡಿಯೂಕಿಂತ ಮದಲ ನನ್ನ ಎರಡೂ ಕಿವಿ ಹೋಗಿದ್ದುವು."