ತಿಮಿಂಗಿಲದ ಪುಸ್ತಕಕ್ಕೆ ಒಂದೇ ನಕ್ಷತ್ರ

"ಈ ಮೊಲದಕಿವಿ ಯಾರು ಅಂತ ನಂಗೊಮ್ಮೆ ಗೊತ್ತಾಗ್ಲಿ ಅಕ್ಕ, ಆ ಕಿವೀನೇ ಹಿಂಡಿಬಿಡ್ತೀನಿ."

ಅಡುಗೆಮನೆಯ ಮೇಜಿಗೆ ಮೊಣಕೈ ಊರಿ ನಾದಿನಿ ಹೀಗೆಂದಾಗ ಬಡಗಿ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು. ಕೆಮ್ಮು ಬೇಗ ನಿಲ್ಲಲಿಲ್ಲ. ಹೆಂಡತಿ ಬೆನ್ನು ತಟ್ಟಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಬಡಗಿ ಪುಣ್ಯಕ್ಕೆ ಕಿವಿ ಮುಟ್ಟಿಕೊಳ್ಳಲಿಲ್ಲ, ಅಷ್ಟೇ.

ಮೊಲದಕಿವಿ ಅವನೇ.

ಊರು ಬಿಟ್ಟು ಎಲ್ಲಿಗೂ ಹೋದವನಲ್ಲ. ದಿನವಿಡೀ ಮರ ಕೊಯ್ಯುವ ಯಂತ್ರದ ಗದ್ದಲ, ಮೂಗು ಬಾಯಿಗೆಲ್ಲ ಮರದ ಪುಡಿ. ಆದರೆ ಬೆಳಿಗ್ಗೆ ದಿಣ್ಣೆಯ ಮೇಲಿನ ಶೆಡ್ಡಿಗೆ ನಡೆದು ಹೋಗುವಾಗ ಇಯರ್‌ಫೋನನ್ನು ಬಿರಡೆಯ ಹಾಗೆ ಕಿವಿಗೆ ತುರುಕಿಕೊಂಡನೆಂದರೆ ಮುಗಿಯಿತು, ಒಂದು ದಿನ ಹಿಮಪರ್ವತ, ಒಂದು ದಿನ ಮರುಭೂಮಿ. ಕಟ್ಟುಕತೆ ಅವನಿಗಾಗದು, ನಿಜವಾಗಿ ಹೋಗಿಬಂದವರ ಪುಸ್ತಕವೇ ಆಗಬೇಕು. ಕೇಳಿ ಮುಗಿಸಿ, ಮೊಲದಕಿವಿ ಎಂಬ ಅಡ್ಡಹೆಸರಿನಿಂದ, ಪುಸ್ತಕ ಓದಿ ಕೇಳಿಸುವ ಆ ಆ್ಯಪಿನಲ್ಲಿ ಅಭಿಪ್ರಾಯ ಬರೆಯುತ್ತಿದ್ದ. ಕಾಡಿನ ಬಗ್ಗೆ ಬರೆಯುವವರು ಮರಕ್ಕಿಂತ ತಮ್ಮ ಬಗ್ಗೆಯೇ ಹೆಚ್ಚು ಕೊರೆಯುತ್ತಾರೆ ಎಂದ. ಸಮುದ್ರಯಾನದವರು ವಾಂತಿಯ ಸಂಗತಿ ಮುಚ್ಚಿಡುತ್ತಾರೆ ಎಂದ. ಈಚಿನ ಲೇಖಕರು ಅಧ್ಯಾಯಗಳನ್ನೇ ಗಿಡ್ಡ ಮಾಡಿದ್ದಾರೆ, ಮೊದಲೆಲ್ಲ ಒಂದು ಅಧ್ಯಾಯಕ್ಕೆ ಶೆಡ್ಡು ಮುಟ್ಟುತ್ತಿದ್ದೆ, ಈಗ ಎರಡು ಮುಗಿದರೂ ದಾರಿ ಉಳಿದಿರುತ್ತದೆ ಎಂದೂ ಬೈದ. ಅವನ ಮಾತಿಗೆ ಬೆಲೆಯಿತ್ತು. ಜನ ಅದನ್ನು ಓದಿಯೇ ಪುಸ್ತಕ ಆರಿಸುತ್ತಿದ್ದರು.

ಪುಸ್ತಕ ಓದಿ ಧ್ವನಿ ಕೊಡುವ ಕೆಲಸ ನಾದಿನಿಗೆ ಸಿಕ್ಕಿದ್ದು ಹೋದ ವರ್ಷ. ಅದಕ್ಕೆ ನಡೆದ ಧ್ವನಿಪರೀಕ್ಷೆಗೆ ಭಾವನಾದ ಬಡಗಿಯೂ ಹೋಗಿದ್ದ. ಆರಿಸಿದ್ದು ಅವಳನ್ನು.

ಅವಳ ಮೊದಲ ಪುಸ್ತಕ ಪರ್ವತ ಹತ್ತಿದವರದ್ದು. ‘ಏರು ಬಂದಾಗ ಓದುವವರ ಉಸಿರೂ ಏರುತ್ತದೆ. ಎಂಥ ತನ್ಮಯತೆ!’ ಎಂದು ಮೊಲದಕಿವಿ ಐದು ನಕ್ಷತ್ರ ಕೊಟ್ಟ. ಎರಡನೆಯದು ತಿಮಿಂಗಿಲಗಳದ್ದು. ‘ದೋಣಿಯಲ್ಲಿ ಸುಮ್ಮನೆ ಕೂತವರಿಗೆ ಏದುಸಿರೇಕೆ? ಹರಿದ ತಿದಿ ಊದಿದ ಹಾಗೆ, ಕೊನೆಗೊಂದು ಸಣ್ಣ ಸಿಳ್ಳೆ ಬೇರೆ. ಉಸಿರು ಬಿಡುತ್ತಿರುವುದು ತಿಮಿಂಗಿಲವೋ ಓದುವವರೋ ತಿಳಿಯದು.’ ಒಂದೇ ನಕ್ಷತ್ರ.

ಸಂಬಂಧ ಬೇರೆ, ಅಭಿಪ್ರಾಯ ಬೇರೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಬರೆಯುವಾಗ ಒಳಗೊಳಗೇ ಖುಷಿಯಾದದ್ದನ್ನು ಮಾತ್ರ ಹೇಳಿಕೊಂಡಿರಲಿಲ್ಲ.

ಕುರಿಮಂದೆಗೆ ಮುಂದಿನ ಕುರಿ ಹೋದದ್ದೇ ದಾರಿ. ‘ಹೌದು ಹೌದು, ನಮಗೂ ಕೇಳಿಸಿತು’ ಎಂದು ಹತ್ತಾರು ಮಂದಿ ಬರೆದರು.

"ಸ್ಟುಡಿಯೋದಲ್ಲಿ ಮತ್ತೆ ಹಾಕಿ ಕೇಳಿದ್ರಂತೆ, ಅಂಥದ್ದೇನೂ ಇಲ್ವಂತೆ," ಎಂದಳು ನಾದಿನಿ. "ಆದ್ರೂ ಇಷ್ಟು ಜನ ದೂರಿದಾರಲ್ಲ, ಡಾಕ್ಟರ ಹತ್ರ ಎದೆ ತೋರಿಸ್ಕೊಂಡು ಬನ್ನಿ, ಆಮೇಲೆ ಮುಂದಿನ ಪುಸ್ತಕ ಅಂದ್ರು. ವಲಸೆ ಹಕ್ಕಿಗಳದ್ದು ಅಕ್ಕ. ಅದಕ್ಕೋಸ್ಕರ ಎಷ್ಟು ಕಾದಿದೀನಿ! ನಿಜವಾಗ್ಲೂ ಏನೋ ಇದೆ ಅಂದ್ಬಿಟ್ರೆ?"

"ನಿಂಗೆ ಯಾವ ರೋಗಾನೂ ಇಲ್ಲ. ಪಾತ್ರೆ ತೊಳೀತಾ ಫೋನ್ ಜೋರಾಗಿಟ್ಟು ಪೂರ್ತಿ ಕೇಳಿದೀನಿ. ಗಂಟೆ ಹೊಡೆದ ಹಾಗಿದೆ ದನಿ. ಅಲ್ವೇನ್ರೀ?"

ಬಡಗಿ ತಲೆಯಾಡಿಸಿದ. ಹೆತ್ತವರಿಗೆ ಹೆಗ್ಗಣ ಮುದ್ದು, ಅಕ್ಕನಿಗೆ ತಂಗಿಯ ದನಿ ಮುದ್ದು. ಅವನ ಕಿವಿಗೆ ಕೇಳಿಸಿದ್ದು ಸುಳ್ಳಲ್ಲ. ಹಾಗಾದರೆ ಹುಡುಗಿಯ ಎದೆಯಲ್ಲಿ ಏನೋ ಇದೆ. ತಿಳಿದೂ ಮನೆಯವನಾಗಿ ಬಂದು ಹೇಳುವುದು ಬಿಟ್ಟು, ಊರಿನ ಮುಂದೆ ಅವಳನ್ನು ನಗೆಪಾಟಲು ಮಾಡಿದ್ದ. ನಾಚಿಕೆಯಿಂದ ಮುಖ ಬಿಸಿಯಾಯಿತು.

"ನಾನೇ ಕರ್ಕೊಂಡು ಹೋಗ್ತೀನಿ ಬಾಮ್ಮ," ಎಂದ.

"ನೀವಿದೀರಲ್ಲ ಭಾವ, ಅದೇ ನಂಗೆ ಧೈರ್ಯ."

ಕಪಾಳಕ್ಕೆ ಬಾರಿಸಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಡಾಕ್ಟರ ಕೋಣೆ ಮೂರನೆಯ ಮಹಡಿಯಲ್ಲಿತ್ತು, ಲಿಫ್ಟು ಕೆಟ್ಟಿತ್ತು. ನಾದಿನಿ ಮುಂದೆ ಮುಂದೆ ಹತ್ತಿಹೋದಳು. ಬಡಗಿಯ ಹೆಜ್ಜೆ ಭಾರ. ತಪ್ಪು ಹೊತ್ತವನ ಹೆಜ್ಜೆ ಇನ್ನು ಹೇಗಿದ್ದೀತು? ಪ್ರತಿ ತಿರುವಿನಲ್ಲೂ ಕಂಬಿ ಹಿಡಿದು ನಿಂತ. ಹೇಳಿಬಿಡಲೇ ಎಂದು ಒಮ್ಮೆ, ಬೇಡ ಎಂದು ಇನ್ನೊಮ್ಮೆ.

"ಬನ್ನಿ ಭಾವ, ನಿಮಗೇ ನನಗಿಂತ ಭಯ!" ಎಂದು ಅವಳು ಮೇಲಿನಿಂದ ನಕ್ಕಳು.

ಡಾಕ್ಟರಮ್ಮ ಹೆಚ್ಚು ಮಾತಿನವರಲ್ಲ. ನಾದಿನಿಯನ್ನು ಸ್ಟೂಲಿನ ಮೇಲೆ ಕೂರಿಸಿ ಬೆನ್ನಿಗೆ ಸ್ಟೆತಸ್ಕೋಪ್ ಒತ್ತಿದರು. ಇಲ್ಲಿ ಕೇಳಿದರು, ಅಲ್ಲಿ ಕೇಳಿದರು. ಕೊಳವೆ ಕಿವಿಯಿಂದ ತೆಗೆದರು. ಹುಬ್ಬು ಗಂಟಿಕ್ಕಿತು.

"ಆ ಫ್ಯಾನ್ ಸ್ವಲ್ಪ ಆರಿಸಿ."

ಬಡಗಿ ಆರಿಸಿ ಬಂದು ನಾದಿನಿಯ ಪಕ್ಕ ನಿಂತ. ರೆಕ್ಕೆಗಳು ನಿಧಾನವಾಗಿ ನಿಂತವು. ಕೋಣೆ ನಿಶ್ಶಬ್ದವಾಯಿತು. ಆಗ ಕೇಳಿಸಿತು. ಹರಿದ ತಿದಿ ಊದಿದ ಹಾಗೆ, ಕೊನೆಗೊಂದು ಸಣ್ಣ ಸಿಳ್ಳೆ.

ಅದೇ ಸದ್ದು. ಬಡಗಿಯ ಕಣ್ಣು ತುಂಬಿತು. ಅವಳ ಹಕ್ಕಿಗಳ ಪುಸ್ತಕ ಹೋಯಿತು. ಅದಕ್ಕಿಂತ ದೊಡ್ಡದೂ ಹೋಗುತ್ತದೋ ಏನೋ. ಅವಳ ಹೆಗಲ ಮೇಲೆ ಕೈಯಿಟ್ಟ.

"ಏನೇ ಇದ್ರೂ ಹೇಳಿ ಡಾಕ್ಟ್ರೇ. ಮುಚ್ಚಿಡ್ಬೇಡಿ."

"ಒಂದ್ನಿಮಿಷ," ಎಂದು ಡಾಕ್ಟರಮ್ಮ ನಾದಿನಿಗೆ ಹೇಳಿದರು: "ನೀವು ಉಸಿರು ಬಿಗಿಹಿಡೀರಿ."

ಅವಳು ಕಣ್ಣು ಮುಚ್ಚಿ, ಬಾಯಿ ಬಿಗಿದು, ಉಸಿರು ಹಿಡಿದಳು.

ಸದ್ದು ನಿಲ್ಲಲಿಲ್ಲ, ಡಾಕ್ಟರಮ್ಮ ಸ್ಟೆತಸ್ಕೋಪನ್ನು ಎತ್ತಿ ಬಡಗಿಯ ಎದೆಗೆ ಒತ್ತಿದರು.